ಮೂರನೆಯ ಬಾಗಿಲು

ಜೂನ್ 9, ಸೋಮವಾರ. ಬೆಳಿಗ್ಗೆ 7

ಕ್ಷೌರ ಆಯಿತು. ಮೇಣವೂ ಆಯಿತು. ಬಲಗಿವಿಯ ಮುಂದೆ, ಕೆನ್ನೆ ಶುರುವಾಗುವ ಕಡೆ, ಸೂಜಿ ಚುಚ್ಚಿ ತೆಗೆದಂಥ ತೂತು. ಹುಟ್ಟಿನಿಂದ ಬಂದದ್ದು. ಸಾಸಿವೆಯಷ್ಟು ಮೇಣ, ಮೇಲೊಂದು ಚಿಟಿಕೆ ಬಣ್ಣ — ಮಾಯ! ನಾಟಕ ಕಂಪನಿಯಲ್ಲಿ ಬಣ್ಣದಜ್ಜ ಕಲಿಸಿದ ವಿದ್ಯೆ. "ರಾಜನ ಮುಖದಲ್ಲಿ ಇರುವೆ ಗೂಡು ಇರಬಾರದಯ್ಯ." ಕಂಪನಿ ಮುಚ್ಚಿ ಹತ್ತೊಂಬತ್ತು ವರ್ಷ. ಕಿರೀಟ ಗುಜರಿಗೆ ಹೋಯಿತು, ಸಿಂಹಾಸನವನ್ನು ಗೆದ್ದಲು ತಿಂದಿತು. ಮೇಣ ಮಾತ್ರ ಬಿಟ್ಟಿಲ್ಲ.

ಅಡುಗೆಮನೆಯಿಂದ ಅಕ್ಕ — "ಆಯ್ತೇನೋ ಮಹಾರಾಜರ ಅಲಂಕಾರ? ಇವತ್ತು ಯಾವ ರಾಜ್ಯದ ಮೇಲೆ ದಂಡಯಾತ್ರೆ?"

"ಕಾಲೇಜಿನ ಮೇಲೆ ಕಣಕ್ಕಾ. ಆಡಿಷನ್."

ಅವಳೂ ಕಂಪನಿಯವಳೇ. ನಾನು ರಾಜನಾದಾಗೆಲ್ಲ ಪಕ್ಕದ ರಾಜ್ಯದ ರಾಣಿ. ಈಗ ಮಂಡಿನೋವಿನ ರಾಣಿ. ಇಬ್ಬರಿಗೂ ಮದುವೆ ಇಲ್ಲ, ಮಕ್ಕಳಿಲ್ಲ. ಇರುವುದು ಎರಡು ಟ್ರಂಕು, ಒಂದು ಕನ್ನಡಿ, ನೆರೆಮನೆಯವರು ಗೋಡೆ ತಟ್ಟುವಷ್ಟು ದೊಡ್ಡ ಗಂಟಲು.

ಸಂಜೆ 6

ಇಪ್ಪತ್ತಾರು ಜನ ಬಂದಿದ್ದರು. ಎಲ್ಲ ಕೊನೆಯ ವರ್ಷದವರು. ನಾಟಕ ಆಡಬೇಕಾದದ್ದು ಹೈಸ್ಕೂಲು ಮಕ್ಕಳ ಮುಂದೆ. ವಿಷಯ ನರ್ಸಮ್ಮನದು — ಆರೋಗ್ಯ ಇಲಾಖೆಯಾಕೆ, ಈ ಯೋಜನೆಯ ಯಜಮಾನಿ. ವೈದ್ಯರ ಸಹಾಯದಿಂದ ಹುಟ್ಟುವ ಮಕ್ಕಳು, ಬೇರೆ ಬೇರೆ ರೀತಿಯ ಮನೆಗಳು. "ಪಾಠ ಮಾಡಿದ್ರೆ ನಿದ್ದೆ ಹೊಡೀತಾರೆ ಮೇಷ್ಟ್ರೇ, ನಾಟಕ ಮಾಡಿ" ಎಂದು ತಾನಾಗಿ ಹುಡುಕಿಕೊಂಡು ಬಂದಳು.

ಆಯ್ಕೆ ನಮ್ಮ ಕಂಪನಿ ಯಜಮಾನರ ರೀತಿಯಲ್ಲೇ. ಕೊನೆಯ ಬೆಂಚು. ರಂಗಕ್ಕೆ ಬೆನ್ನು. ಮುಖ ನೋಡುವುದೇ ಇಲ್ಲ — ಕಿವಿ ಒಪ್ಪಿದರೆ ಪಾರ್ಟು. ಓದಲು ಕೊಟ್ಟದ್ದು ಬಸ್ಸಿನ ವೇಳಾಪಟ್ಟಿ. ಅದರಲ್ಲಿ ರಸ ತೆಗೆದವನೇ ನಟ!

ಇಪ್ಪತ್ತನಾಲ್ಕು ಸೊಳ್ಳೆಗಳು. ಎರಡು ಸಿಂಹಗಳು.

ಒಂದು ಹುಡುಗಿ. "ಆರು ಹದಿನೈದರ ಬಸ್ಸು ರದ್ದಾಗಿದೆ" ಅಂದಳು — ಸಾಮ್ರಾಜ್ಯವೇ ಬಿದ್ದಂತೆ ಕೇಳಿಸಿತು. ಒಂದು ಹುಡುಗ. ಅವನ "ಏಳು ಮೂವತ್ತು" ಬೆಂಚಿನ ಹಲಗೆಯಲ್ಲಿ ಗುಂಯ್‌ಗುಟ್ಟಿತು. ತಿರುಗಿ ನೋಡಿದೆ. ಅವಳು ಕುಳ್ಳಿ, ಕೂದಲು ಕತ್ತರಿಸಿದವಳು. ಅವನು ಉದ್ದನೆಯವನು, ಕಿವಿ ಮುಚ್ಚುವಷ್ಟು ಕೂದಲು. ಆಗಲೇ ಹೆಸರಿಟ್ಟೆ. ಅವಳು ಗುಡುಗು. ಅವನು ನಗಾರಿ.

ಎರಡೂ ಒಂದೇ ಶ್ರುತಿ. ಒಂದೇ ಮರದಿಂದ ಕೆತ್ತಿದ ವಾದ್ಯಗಳ ಹಾಗೆ. ಎಂಥ ಕಿವಿ ನನ್ನದು!

ಜೂನ್ 13, ಶುಕ್ರವಾರ

ನರ್ಸಮ್ಮನ ಕ್ಲಾಸು. ಸ್ಟೀಲ್ ಲೋಟ, ಎರಡು ಬಣ್ಣದ ಮಣಿ. ಇಷ್ಟರಲ್ಲೇ ಸೃಷ್ಟಿರಹಸ್ಯ ಬಿಚ್ಚಿಟ್ಟಳು.

ಹಿಂದಿನ ಸಾಲಿನಿಂದ ಒಬ್ಬ — "ಸಿಸ್ಟರ್, ಟೆಸ್ಟ್ ಟ್ಯೂಬ್ ಬೇಬಿ ಅಂದ್ರೆ ಒಂಬತ್ತು ತಿಂಗಳೂ ಗಾಜಿನೊಳಗೇನಾ?"

"ಉಪ್ಪಿನಕಾಯಿ ಅಲ್ಲಪ್ಪ ಅದು. ಐದು ದಿನ ಹೊರಗೆ, ಆಮೇಲೆ ಗರ್ಭದಲ್ಲಿ. ಉಳಿದದ್ದೆಲ್ಲ ನಿನ್ನ ಹಾಗೇ — ಒದೆಯೋದು, ಅಳೋದು, ಪರೀಕ್ಷೇಲಿ ಫೇಲಾಗೋದು."

ನಕ್ಕಿದ್ದೇ ನಕ್ಕಿದ್ದು. ನಗು ನಿಂತ ಮೇಲೆ ಹೇಳಿದಳು. ಕೆಲವರಿಗೆ ಬೇರೆಯವರ ಅಂಡ ಬೇಕಾಗುತ್ತದೆ, ಕೆಲವರಿಗೆ ಬೇರೆಯವರ ವೀರ್ಯ, ಕೆಲವರಿಗೆ ಬೇರೆಯವರ ಗರ್ಭ. ಕೊಡುವವರು ದಾನಿಗಳು. ಸಾಕುವವರೇ ತಂದೆತಾಯಿ. ನಾಚಿಕೆಯ ಮಾತೇ ಇಲ್ಲ. "ಆದ್ರೆ ಮಗೂಗೆ ಗೊತ್ತಿರಬೇಕು. ಚಿಕ್ಕಂದಿನಲ್ಲೇ, ಕಥೆ ಹೇಳೋ ಹಾಗೆ ಹೇಳಿಬಿಡಬೇಕು. ಮುಚ್ಚಿಟ್ಟರೇ ಕಷ್ಟ."

"ಏನ್ ಕಷ್ಟ?" — ಗುಡುಗು ಕೇಳಿದಳು.

"ಬೇಕಾದಷ್ಟು. ವಂಶದ ಕಾಯಿಲೆ ಗೊತ್ತಾಗಲ್ಲ. ಇನ್ನೊಂದು… ಒಬ್ಬನೇ ದಾನಿಯ ಮಕ್ಕಳು ಒಂದೇ ಊರಲ್ಲಿ ಬೆಳೆದು ದೊಡ್ಡವರಾಗಿರ್ತಾರೆ. ಒಬ್ಬರಿಗೊಬ್ಬರು ಯಾರು ಅಂತ ಗೊತ್ತಿರಲ್ಲ."

ನಾನು ಹಿಂದೆ ಕೂತು ಪರದೆಯ ಬಳೆ ಎಣಿಸುತ್ತಿದ್ದೆ. ಮೂವತ್ತೊಂದು. ಮತ್ತೆ ಎಣಿಸಿದೆ. ಎಷ್ಟಿತ್ತು ಅಂತ ಮರೆತಿತ್ತು.

ಜೂನ್ 20, ಶುಕ್ರವಾರ

ನಾಟಕ ಸಿಕ್ಕಿತು! ರಂಗದ ಮೇಲೆ ಒಂದು ಬೀದಿ, ನಾಲ್ಕು ಬಾಗಿಲು. ಪ್ರೇಕ್ಷಕರಲ್ಲಿ ಒಬ್ಬ ವಿದ್ಯಾರ್ಥಿ ಎದ್ದು ಬಂದು ತನಗೆ ಇಷ್ಟವಾದ ಬಾಗಿಲು ತಟ್ಟಬೇಕು. ಆ ಮನೆಯ ಕಥೆ ತೆರೆಯುತ್ತದೆ. ಮೊದಲನೆಯದು ದತ್ತು ಮಗಳ ಮನೆ. ಎರಡನೆಯದು ಇಬ್ಬರು ಅಮ್ಮಂದಿರ ಮನೆ. ಮೂರನೆಯದು ದಾನಿಯ ವೀರ್ಯದಿಂದ ಮಗ ಹುಟ್ಟಿದ ಮನೆ. ನಾಲ್ಕನೆಯದು ಚಿಕ್ಕಮ್ಮನೇ ಹೊತ್ತು ಹೆತ್ತುಕೊಟ್ಟ ಮನೆ. ಒಂದಕ್ಕೆ ಒಂದು ತಟ್ಟು, ಎರಡಕ್ಕೆ ಎರಡು, ಹಾಗೇ.

ಮೂರನೆಯ ಮನೆಯ ಗಂಡಹೆಂಡತಿ — ನಗಾರಿ, ಗುಡುಗು. ಬೇರೆ ಯಾರು? ಆ ದನಿಗಳು ಒಂದನ್ನೊಂದು ಹುಡುಕಿಕೊಂಡು ಹೋಗುತ್ತವೆ. ಅವನು ವಾಕ್ಯ ಎಲ್ಲಿ ಬಿಡುತ್ತಾನೋ ಅಲ್ಲಿಂದಲೇ ಅವಳು ಎತ್ತುತ್ತಾಳೆ. ಹೇಳಿಕೊಡುವುದೇ ಬೇಡ.

ಉಡುಪಿನ ಹೊಣೆ ಗುಡುಗಿನ ಅಮ್ಮನದು. ಟೈಲರಮ್ಮ. ಬಾಯಿತುಂಬ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುತ್ತಾಳೆ. ಗಂಡ ಎಂಬುವವನು ಎಂದೂ ಇರಲಿಲ್ಲವಂತೆ. "ಹುಡುಕ್ಲಿಲ್ಲ ಮೇಷ್ಟ್ರೇ. ಮಗಳು ಬೇಕಿತ್ತು, ಗಂಡ ಬೇಕಿರಲಿಲ್ಲ." ಅಷ್ಟೇ.

ಜೂನ್ 27, ಶುಕ್ರವಾರ. ಸಂಜೆ 7

ಅಕ್ಷರ ಹಾವಿನ ಹಾಗೆ ಹೋಗುತ್ತಿದೆ. ಬರೆದೇ ತೀರಬೇಕು.

ಮೂರನೆಯ ಮನೆಯ ದೃಶ್ಯ ಕಟ್ಟುತ್ತಿದ್ದೆವು. ದಾನಿಯ ಬಗ್ಗೆ ಆಸ್ಪತ್ರೆಯವರು ಏನು ಹೇಳುತ್ತಾರೆ ಅಂತ ಯಾರಿಗೂ ಗೊತ್ತಿಲ್ಲ. ಗುಡುಗು ಎದ್ದು ನಿಂತಳು. ಚೀಲದಿಂದ ನಾಲ್ಕು ಮಡಿಕೆಯ ಹಾಳೆ ತೆಗೆದಳು.

"ನಾನೇ ಓದ್ತೀನಿ. ಇದು ನನ್ನ ದಾನಿಯ ಹಾಳೆ. ಅಮ್ಮ ನಂಗೆ ನಾಲ್ಕು ವರ್ಷ ಇದ್ದಾಗಲೇ ಹೇಳಿದ್ಲು. ನಂದೇನೂ ಗುಟ್ಟಿಲ್ಲ."

ರಂಗದ ನಡುವೆ ನಿಂತು ಓದಿದಳು. ಎತ್ತರ. ತೂಕ. ರಕ್ತದ ಗುಂಪು. ಮನೆತನದಲ್ಲಿ ಕಾಯಿಲೆ ಇಲ್ಲ. ಕೊನೆಗೆ ವೃತ್ತಿ —

"ರಾಜ. ರಾತ್ರಿ ಒಂಬತ್ತರಿಂದ ಹನ್ನೆರಡರವರೆಗೆ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ವಾಚ್‌ಮನ್ ಇರಬೇಕು ಕಣೇ!" "ಇಸ್ಪೀಟು ಆಡ್ತಿದ್ದವನು!" ಬಾಗಿಲಲ್ಲಿ ಪಿನ್ನು ಕಚ್ಚಿಕೊಂಡು ಟೈಲರಮ್ಮ — "ಉಳಿದ ಹಾಳೆಗಳಲ್ಲೆಲ್ಲ ಇಂಜಿನಿಯರು, ಲೆಕ್ಚರರು ಅಂತಿತ್ತು. ಇವನೊಬ್ಬನೇ ರಾಜ. ಓದಿ ನಗು ಬಂತು. ಯಾರಿಂದ ನಗು ಬರುತ್ತೋ ಅವನದೇ ಮಗು ಇರಲಿ ಅಂದೆ."

ಆ 'ರಾಜ' ಅನ್ನುವ ವಾಕ್ಯ ಬರೆದದ್ದು ನಾನು.

ಇಪ್ಪತ್ತೆರಡು ವರ್ಷದ ಹಿಂದೆ. ಹಳೆಯ ಗಿರಣಿಯ ಪಕ್ಕ ಕಂಪನಿ ಕ್ಯಾಂಪು. ಹಿಂದೆ ಆಸ್ಪತ್ರೆ. ಅಲ್ಲಿನ ಡಾಕ್ಟರು ದಿನಾ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ನಾಟಕದ ಹುಚ್ಚ. "ಮಕ್ಕಳಿಲ್ಲದವರಿಗೆ ಒಂದು ಉಪಕಾರ ಮಾಡಿ ರಾಜರೇ. ಎಲ್ಲ ದೂರದ ಊರಿನವರು. ಯಾರಿಗೂ ಗೊತ್ತಾಗಲ್ಲ." ಹೋದೆ. ಪಾರ್ಟು ಅಂದುಕೊಂಡೇ ಹೋದೆ. ಪ್ರಾಂಪ್ಟರ್‌ನ ಪಾರ್ಟು. ದನಿ ಕೊಡಬೇಕು, ಮುಖ ತೋರಿಸಬಾರದು.

ದೂರದ ಊರಿನವರು!

ಅವಳು ಮಡಿಸಿ ಚೀಲಕ್ಕಿಟ್ಟಳು. "ಹೇಗಿತ್ತು ಮೇಷ್ಟ್ರೇ?" ನನ್ನ ಗಂಟಲು — ಮೈಕಿಲ್ಲದೆ ಸಾವಿರ ಜನರಿಗೆ ಕೇಳಿಸಿದ ಗಂಟಲು — "ಚೆನ್ನಾಗಿತ್ತಮ್ಮ" ಅಂತ ಪಿಸುಗುಟ್ಟಿತು.

ಜೂನ್ 28, ಶನಿವಾರ

ಅಕ್ಕನಿಗೆ ಹೇಳಿದೆ. ಅವಳು ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು ಬಿಡೋ. ಮಂಗಳವಾರ ಆಟ ಇರ್ತಿರಲಿಲ್ಲ. ನೀನು ಮಾತ್ರ ಸ್ನಾನ ಮಾಡಿ, ಸೆಂಟು ಹಾಕ್ಕೊಂಡು ಆಸ್ಪತ್ರೆ ಕಡೆ ಹೋಗ್ತಿದ್ದೆ. ಕಾಯಿಲೆಯವನು ಯಾರು ಸೆಂಟು ಹಾಕ್ತಾನೆ?" ಇನ್ನೊಂದು ಎಸಳು ಸುಲಿದು — "ಎಷ್ಟು ಮಂಗಳವಾರ?"

ಒಂದೂವರೆ ವರ್ಷದ ಕ್ಯಾಂಪು. ಅವಳೇ ಲೆಕ್ಕ ಹಾಕಿದಳು.

"ಅಯ್ಯೋ ನಿನ್ನ…" ಅಂದಳು. ಬೈಗುಳ ಮುಗಿಸಲಿಲ್ಲ. ಅವಳು ಬೈಗುಳ ಮುಗಿಸದೇ ಇದ್ದದ್ದು ನಾನು ಕಂಡದ್ದು ಇದೇ ಮೊದಲು.

ಜುಲೈ 12, ಶನಿವಾರ

ಹದಿನಾಲ್ಕು ದಿನ ಬರೆಯಲಿಲ್ಲ. ಬರೆಯಲು ಕೂತರೆ ನಗು ಬರುತ್ತಿತ್ತು. ಹೌದು, ಖುಷಿ! ಸುಳ್ಳು ಯಾಕೆ? ಅವಳು ರಿಹರ್ಸಲ್ಲಿಗೆ ಓಡಿ ಬರುವುದು, ಮೆಟ್ಟಿಲು ಎರಡೆರಡು ಹತ್ತುವುದು, ಮಾತು ಮರೆತಾಗ ಮೂಗಿನ ತುದಿ ಉಜ್ಜುವುದು. ಮೂಗು ಉಜ್ಜುವವನು ನಾನು! ಹೇಳಬೇಕು. ಆದರೆ ಹೇಗೆ? ಪ್ರದರ್ಶನ ಮುಗಿಯಲಿ. ಮೊದಲು ಟೈಲರಮ್ಮನಿಗೆ ಹೇಳಬೇಕು, ಆಮೇಲೆ ಅವಳಿಗೆ. ಅಪ್ಪ ಅನ್ನಿಸಿಕೊಳ್ಳುವ ಆಸೆ ಇಲ್ಲ. ಆ ಪಾರ್ಟು ಟೈಲರಮ್ಮ ಇಬ್ಬರ ಪರವಾಗಿಯೂ ಮಾಡಿ ಮುಗಿಸಿದ್ದಾಳೆ. ಸುಮ್ಮನೆ… ಆ ರಾಜ ಯಾರು ಅಂತ ಅವಳಿಗೆ ಗೊತ್ತಿರಲಿ.

ಆದರೆ ಇವತ್ತು ಬಸ್ಸಿನಲ್ಲಿ. ಕಂಡಕ್ಟರು ಸ್ಟಾಪ್ ಕೂಗಿದ. ಇಪ್ಪತ್ತರ ಹುಡುಗ. ದನಿ ಹಿಂದಿನ ಸೀಟಿನ ಗಾಜು ಅಲ್ಲಾಡಿಸಿತು.

ನನ್ನ ಸ್ಟಾಪಿಗೆ ಇನ್ನೂ ನಾಲ್ಕು ಇತ್ತು. ಇಳಿದುಬಿಟ್ಟೆ. ನಡೆದುಕೊಂಡು ಬಂದೆ. ದಾರಿಯುದ್ದಕ್ಕೂ ಎದುರಿಗೆ ಬಂದವರ ಬಲಗಿವಿ ನೋಡುತ್ತ.

ಜುಲೈ 19, ಶನಿವಾರ. ಮಧ್ಯಾಹ್ನ 3

ಮೇಕಪ್ ಟ್ರಯಲ್. ಒಬ್ಬೊಬ್ಬರನ್ನೇ ಕನ್ನಡಿ ಮುಂದೆ ಕೂರಿಸಿದೆ. ನಗಾರಿಯ ಸರದಿ.

"ಕೂದಲು ಹಿಂದೆ ಕಟ್ಟಯ್ಯ. ಮೂರನೇ ಮನೆ ಯಜಮಾನ ನೀನು, ಗಿಟಾರಿನವನಲ್ಲ."

ಕಟ್ಟಿದ. ಸ್ಪಂಜು ಬಲಗೆನ್ನೆಗೆ ತಂದೆ. ನಿಂತೆ.

ಕಿವಿಯ ಮುಂದೆ. ಸೂಜಿ ಚುಚ್ಚಿ ತೆಗೆದಂತೆ.

"ಅದಾ ಮೇಷ್ಟ್ರೇ? ಹುಟ್ಟಿನಿಂದ ಇದೆ." ಆಮೇಲೆ ತಿರುಗಿ ಕೂಗಿದ, ಆ ದನಿಯಲ್ಲಿ, "ಬಾರೇ ಇಲ್ಲಿ! ಮೇಷ್ಟ್ರಿಗೆ ತೋರ್ಸೋಣ!"

ಗುಡುಗು ಓಡಿ ಬಂದಳು. ಓಲೆ ಸರಿಸಿದಳು. ಅವಳದು ಎಡಗಿವಿ. ಅದೇ ತೂತು. ಅಲ್ಲೇ. "ಅಮ್ಮ ಇದನ್ನ ರಾಜಮುದ್ರೆ ಅಂತಾಳೆ. ಇವನಿಗೂ ಇದೆ ನೋಡಿ! ಮೊದಲ ದಿನ ಕ್ಯಾಂಟೀನಲ್ಲಿ ಇದನ್ನ ನೋಡೇ ಮಾತಾಡಿಸಿದ್ದು."

"ಹಣೆಬರಹ ಹಣೇಲಿ ಬರೀತಾರೆ. ನಮಗೆ ಕಿವೀಲಿ ಬರೆದಿದ್ದಾರೆ" ಅಂದ ನಗಾರಿ.

ಇಬ್ಬರೂ ನಕ್ಕರು. ಒಂದೇ ನಗು. ಕೈ ಹಿಡಿದುಕೊಂಡಿದ್ದರು. "ಯಾರಿಗೂ ಹೇಳ್ಬೇಡಿ ಮೇಷ್ಟ್ರೇ. ಶೋ ದಿನ ಇಬ್ಬರ ಮನೆಯವರೂ ಬರ್ತಾರಲ್ಲ. ಪರದೆ ಬಿದ್ದ ಮೇಲೆ ಹೇಳ್ತೀವಿ. ಮದುವೆ ಆಗ್ತೀವಿ ಅಂತ."

ನಾಟಕದಲ್ಲಿ ಗಂಡಹೆಂಡತಿ ಮಾಡಿದವನು ನಾನು. ಬೆನ್ನು ತಿರುಗಿಸಿ ಕೂತು, ಇಪ್ಪತ್ತಾರು ದನಿಗಳಲ್ಲಿ ನನ್ನ ದನಿಯನ್ನೇ ಎರಡು ಸಲ ಆರಿಸಿದವನು ನಾನು. ಎಂಥ ಕಿವಿ ನನ್ನದು.

ಜುಲೈ 20, ಭಾನುವಾರ

ನರ್ಸಮ್ಮನ ಮನೆಗೆ ಹೋದೆ. ಎಲ್ಲ ಹೇಳಿದೆ. ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಳು. ಒಂದೇ ದಿಂಬಿನ ಚೀಲವನ್ನು ಮೂರು ಸಲ ಮಡಿಸಿದಳು.

"ಕಿವಿಯ ತೂತು ನೂರರಲ್ಲಿ ಒಬ್ಬರಿಗಾದ್ರೂ ಇರುತ್ತೆ. ಅದೊಂದರಿಂದ ಏನೂ ಸಾಬೀತಾಗಲ್ಲ."

"ಅಂದ್ರೆ ಅವನು ನನ್ನ…"

"ಅಲ್ಲ ಅಂತಾನೂ ಹೇಳ್ತಿಲ್ಲ ಮೇಷ್ಟ್ರೇ. ಎಂಜಲು ಪರೀಕ್ಷೆ ಇದೆ. ಆದ್ರೆ ಅವರಿಗೆ ಹೇಳದೆ ಕದ್ದು ಮಾಡೋ ಹಾಗಿಲ್ಲ."

ಆ ಡಾಕ್ಟರು ತೀರಿಕೊಂಡು ಹತ್ತು ವರ್ಷ. ಆಸ್ಪತ್ರೆ ಈಗ ಸೋಫಾ ಅಂಗಡಿ. ಕಡತಗಳು ರದ್ದಿಗೆ ಹೋದವು.

ನೂರರಲ್ಲಿ ಒಬ್ಬ. ದಾರಿಯುದ್ದಕ್ಕೂ ಜಪ ಮಾಡಿಕೊಂಡು ಬಂದೆ. ನೂರರಲ್ಲಿ ಒಬ್ಬ, ನೂರರಲ್ಲಿ ಒಬ್ಬ. ಅವನಿಗೊಬ್ಬ ಅಪ್ಪ ಇದ್ದಾರೆ, ಔಷಧಿ ಅಂಗಡಿಯವರು. ಅವರದೇ ಮಗ ಇರಬಹುದು. ಇರಲಿ. ಇರಲೇಬೇಕು.

ಜುಲೈ 26, ಶನಿವಾರ

ಔಷಧಿ ಅಂಗಡಿಯವರು ತಾವಾಗಿ ರಿಹರ್ಸಲ್ಲಿಗೆ ಬಂದರು. ತೆಳ್ಳಗಿನ ಮನುಷ್ಯ. ಅಂಗಿ ಜೇಬಿನಲ್ಲಿ ಮೂರು ಪೆನ್ನು. ಹೆಂಡತಿ ತೀರಿಕೊಂಡು ಆರು ವರ್ಷ. ನಾಟಕಕ್ಕೆ ಮೊದಲ ದಿನದಿಂದ ಬೆಂಬಲ ಕೊಟ್ಟವರು.

ಹುಡುಗರು ಹೋಗುವವರೆಗೂ ಕಾದರು. ಎರಡು ಸಲ ಕೆಮ್ಮಿದರು.

"ಮೇಷ್ಟ್ರೇ, ಮೂರನೇ ಬಾಗಿಲು ತೆಗೆದುಬಿಡಿ. ಮೂರೇ ಸಾಕಲ್ಲ."

"ಯಾಕೆ ಸರ್?"

"ನೋಡೋರು ತಪ್ಪು ತಿಳಿಯಬಹುದು."

"ಯಾರು?"

ಪೆನ್ನು ತೆಗೆದರು. ಮುಚ್ಚಳ ತೆಗೆದು, ಮತ್ತೆ ಹಾಕಿದರು. "ಮನೇಲಿ ಅವನು ಆ ಪಾರ್ಟಿನ ಮಾತು ಜೋರಾಗಿ ಹೇಳ್ಕೊಳ್ತಾನೆ. 'ಈ ಮಗು ನನ್ನ ರಕ್ತ ಅಲ್ಲ, ಆದ್ರೆ ನನ್ನದೇ' ಅಂತ. ನಾನು ಪಕ್ಕದ ರೂಮಲ್ಲಿ… ಕೂತ್ಕೊಳ್ಳೋಕೆ ಆಗಲ್ಲ ಮೇಷ್ಟ್ರೇ."

ಜಪ ಅಲ್ಲಿಗೆ ನಿಂತಿತು.

"ಯಾವ ಆಸ್ಪತ್ರೆ?" ಕೇಳಿದೆ.

"ಹಳೇ ಗಿರಣಿ ಹತ್ತಿರ. ಪಕ್ಕದಲ್ಲೇ ನಾಟಕದ ಟೆಂಟ್. ಡಾಕ್ಟ್ರು ಕರೆಯೋವರೆಗೂ ಹಾಡು ಕೇಳ್ತಾ ಕೂರ್ತಿದ್ವಿ. ಒಂದಿನ ಟಿಕೆಟ್ ತಗೊಂಡು ನೋಡಿದ್ವಿ ಕೂಡ. ನೀವೇ ಅಲ್ವೇ ಆಗ ರಾಜ? ನನ್ನ ಹೆಂಡತಿಗೆ ನಿಮ್ಮ ದನಿ ಅಂದ್ರೆ ಪ್ರಾಣ." ನಕ್ಕರು ಪುಣ್ಯಾತ್ಮ. "ಮಗನಿಗೆ ಹೇಳ್ಬೇಡ ಅಂತ ಮಾತು ತಗೊಂಡೇ ಹೋದಳು."

ಬಾಗಿಲು ತೆಗೆಯುವ ಬಗ್ಗೆ ಯೋಚಿಸುತ್ತೇನೆ ಅಂದೆ. ಮನೆಗೆ ಬಂದು ಕನ್ನಡಿಗೆ ಟವೆಲ್ ಹೊದಿಸಿದೆ.

ಆಗಸ್ಟ್ 2, ಶನಿವಾರ. ಸಂಜೆ

ಇಂದು ಹೇಳಿದೆ. ಅಂಗಡಿ ಮಧ್ಯಾಹ್ನ ಮುಚ್ಚುವ ಹೊತ್ತಿಗೆ ಹೋದೆ. ಶಟರು ಅರ್ಧ ಇಳಿಸಿದರು. ಒಳಗೆ ಅರೆಗತ್ತಲು, ಟಾನಿಕ್ಕಿನ ವಾಸನೆ. ಮೊದಲು ಆ ಇಬ್ಬರ ಮದುವೆಯ ಮಾತು ಹೇಳಿದೆ. ಅವರ ಮುಖ ಅರಳಿತು. "ಟೈಲರಮ್ಮನ ಮಗಳಾ? ಚಿನ್ನದಂಥ ಹುಡುಗಿ!"

ಮಾತಿನಲ್ಲಿ ಆಗಲಿಲ್ಲ. ಜೇಬಿನ ಕರವಸ್ತ್ರ ತೆಗೆದು ಬಲಗಿವಿಯ ಮುಂದೆ ಉಜ್ಜಿದೆ. ಮೇಣ ಬಂತು.

ನೋಡಿದರು. ಸ್ಟೂಲಿನ ಮೇಲೆ ಕೂತರು. ಆಮೇಲೆ ಬಲಗೈ ಹೆಬ್ಬೆರಳು ಎತ್ತಿದರು — ಗಾಳಿಯಲ್ಲಿ, ಯಾವುದೋ ಕಾಣದ ಮಗುವಿನ ಕೆನ್ನೆಯ ಹತ್ತಿರ.

"ತಲೆಗೆ ನೀರು ಹಾಕುವಾಗ… ಅದರೊಳಗೆ ಸೋಪು ಹೋಗಬಾರದು ಅಂತ ಹೀಗೆ ಮುಚ್ಚಿಡ್ತಿದ್ದೆ. ಏಳು ವರ್ಷ ಆಗೋವರೆಗೂ. ದಿನಾ."

ನಲವತ್ತು ವರ್ಷ ನಾನು ಮೇಣ ತುಂಬಿದ ತೂತು ಅದು. ಅವರು ಹೆಬ್ಬೆರಳಿಟ್ಟು ಕಾದದ್ದು. ಅಪ್ಪ ಯಾರು ಅಂತ ನನಗೆ ಅಲ್ಲೇ ತಿಳಿಯಿತು.

"ಆ ಹುಡುಗಿಗೂ…?"

ತಲೆಯಾಡಿಸಿದೆ. ನನ್ನ ಹಾಳೆ, ರಾಜನ ಮಾತು, ಎಲ್ಲ ಹೇಳಿದೆ.

ಗೋಡೆಗೆ ಒರಗಿದರು. ಅಲ್ಲಿಂದ ದನಿ ಬೇರೆ ಆಯಿತು, ಔಷಧಿ ಕೊಡುವ ದನಿ. "ಯಾರಿಗೂ ಹೇಳೋದು ಬೇಡ. ಶೋ ಮಾರನೇ ದಿನವೇ ಅವನನ್ನ ನನ್ನ ತಮ್ಮನ ಅಂಗಡಿಗೆ ಕಳಿಸ್ತೀನಿ. ದೂರದ ಊರು. ಈ ವಯಸ್ಸಿನ ಪ್ರೀತಿ, ಎರಡು ತಿಂಗಳಲ್ಲಿ ಇಳಿಯುತ್ತೆ. ನೀವೂ ಬಾಯಿ ಬಿಡಬೇಡಿ. ಮಾತು ಕೊಡಿ."

ಕೊಟ್ಟೆ. ಹೊರಗೆ ಬಂದಾಗ ಉಸಿರು ಹಗುರ. ಹೇಡಿಯ ಉಸಿರು ಎಷ್ಟು ಹಗುರ!

ಆಗಸ್ಟ್ 6, ಬುಧವಾರ. ಮಧ್ಯಾಹ್ನ 12

ಗುಡುಗು ಮನೆಗೇ ಬಂದಳು. ಅಕ್ಕ ನೀರು ಕೊಟ್ಟಳು. ಕುಡಿಯಲಿಲ್ಲ.

"ಅವನನ್ನ ಚಿಕ್ಕಪ್ಪನ ಊರಿಗೆ ಕಳಿಸ್ತಾರಂತೆ ಮೇಷ್ಟ್ರೇ. ಕಾರಣ ಕೇಳಿದ್ರೆ ಮುಖ ತಿರುಗಿಸ್ತಾರಂತೆ. ನಮ್ಮ ವಿಷಯ ಗೊತ್ತಾಗಿದೆ. ನಾನು ಅಪ್ಪ ಇಲ್ಲದೆ ಹುಟ್ಟಿದವಳು, ಅದಕ್ಕೇ ಬೇಡ ಅಂತಿದ್ದಾರೆ ಅನ್ಸುತ್ತೆ."

"ಅಲ್ಲಮ್ಮ, ಅವರು ಅಂಥವರಲ್ಲ…"

"ಮತ್ತೇನು?"

ಬಾಯಿ ತೆರೆದೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಮುಚ್ಚಿದೆ.

"ನಾವು ಕಾಯಲ್ಲ" ಅಂದಳು. "ಶನಿವಾರ ಶೋ. ಸೋಮವಾರ ರಿಜಿಸ್ಟ್ರಾರ್ ಆಫೀಸು. ಮದುವೆ ನೋಟಿಸು ಹಿಂದಿನ ತಿಂಗಳ ಶುರುವಲ್ಲೇ ಕೊಟ್ಟಿದ್ದೀವಿ, ಯಾವುದಕ್ಕೂ ಇರಲಿ ಅಂತ. ಸಾಕ್ಷಿಗೆ ನೀವು ಬರಬೇಕು ಮೇಷ್ಟ್ರೇ. ನಂಗೆ ಅಪ್ಪನ ಜಾಗದಲ್ಲಿ ಇನ್ಯಾರಿದ್ದಾರೆ?"

ಹೋದ ಮೇಲೆ ಅಕ್ಕ ಆ ನೀರಿನ ಲೋಟ ನನ್ನ ಮುಂದೆ ಇಟ್ಟಳು.

"ಕುಡಿ. ಕುಡಿದು ಗಂಟಲು ಸರಿ ಮಾಡ್ಕೋ. ಇಡೀ ಜನ್ಮ ಬೇರೆಯವರು ಬರೆದ ಮಾತೇ ಕೂಗಿದ್ದೀಯ. ಒಂದು ಸಲ ನಿನ್ನದು ಹೇಳು."

ಆಗಸ್ಟ್ 7, ಗುರುವಾರ

ಕೊಟ್ಟ ಮಾತು ಮುರಿದು ನರ್ಸಮ್ಮನಿಗೆ ಎಲ್ಲ ಹೇಳಿದೆ. ನರ್ಸಮ್ಮ, ನಾನು, ಔಷಧಿ ಅಂಗಡಿಯವರು. ಅದೇ ಅರ್ಧ ಶಟರು.

ನೋಟಿಸಿನ ವಿಷಯ ಕೇಳಿ ಅವರು ಬೆವತರು. ಆದರೂ — "ಹೇಳಿದ್ರೆ ಅವನು ನನ್ನ ಅಪ್ಪಾ ಅಂತ ಕರೀತಾನಾ?"

ನರ್ಸಮ್ಮ ಅವರ ಪಕ್ಕಕ್ಕೆ ಸ್ಟೂಲು ಎಳೆದುಕೊಂಡಳು. "ನೂರಾರು ಮನೆ ನೋಡಿದ್ದೀನಿ ಅಣ್ಣಾ. ರಕ್ತ ಬೇರೆ ಅಂತ ಬಿಟ್ಟುಹೋದ ಮಕ್ಕಳನ್ನ ನಾನು ನೋಡಿಲ್ಲ. ಸುಳ್ಳು ಹೇಳಿದ್ರಲ್ಲ ಅಂತ ಬಿಟ್ಟುಹೋದವರನ್ನ ನೋಡಿದ್ದೀನಿ. ಹೇಳೋ ಹಕ್ಕು ನಿಮ್ಮದು. ತಡ ಮಾಡೋ ಹಕ್ಕು ಇನ್ನು ಯಾರಿಗೂ ಇಲ್ಲ."

ಅವರು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದರು. "ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ನಾನೇ ಹೇಳ್ತೀನಿ. ಅಲ್ಲೀವರೆಗೂ ಬಿಡಿ."

ಹನ್ನೆರಡಾದರೆ? ನರ್ಸಮ್ಮ ನನ್ನ ಕಡೆ ತಿರುಗಿದಳು. "ಅವರ ಗುಟ್ಟು ನೀವು ಹೇಳೋ ಹಾಗಿಲ್ಲ ಮೇಷ್ಟ್ರೇ. ನಿಮ್ಮ ಗುಟ್ಟು ನಿಮ್ಮದು."

ಅಲ್ಲಿಂದ ನೇರ ಟೈಲರಮ್ಮನ ಅಂಗಡಿಗೆ. ಬೀಗ. ಬಟ್ಟೆ ತರಲು ಬೇರೆ ಊರಿಗೆ ಹೋಗಿದ್ದಾಳಂತೆ. ಶನಿವಾರ ಶೋ ಹೊತ್ತಿಗೇ ಬರುವುದಂತೆ. ಫೋನು ಮಾಡಿದೆ. "ಮೂರನೇ ಮನೆ ಪರದೆ ಬಣ್ಣ ಯಾವುದು ಮೇಷ್ಟ್ರೇ?" ಅಂದಳು. ಹಸಿರು ಅಂದೆ. ಫೋನು ಇಟ್ಟುಬಿಟ್ಟೆ.

ಆಗಸ್ಟ್ 9, ಶನಿವಾರ. ಬೆಳಿಗ್ಗೆ 7

ಕ್ಷೌರ ಆಯಿತು.

ಮೇಣದ ಡಬ್ಬಿ ತೆರೆದೆ. ಬೆರಳಿಗೆ ತೆಗೆದೆ. ವಾಪಸು ಹಾಕಿದೆ. ಡಬ್ಬಿ ಮುಚ್ಚಿ ಅಕ್ಕನ ಕೈಗೆ ಕೊಟ್ಟೆ. ಅವಳು ಕಿವಿ ನೋಡಿದಳು. "ಇರುವೆ ಗೂಡು ಚೆನ್ನಾಗಿದೆ" ಅಂದಳು. ಕಣ್ಣು ಒರೆಸಿಕೊಂಡು ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿದಳು.

11.20

ಗ್ರೀನ್ ರೂಮ್. ಪೆನ್ನು, ಈ ಪುಸ್ತಕ, ಕನ್ನಡಿ, ಹತ್ತು ಬಲ್ಬು. ಹೊರಗೆ ಬೆಂಚು ಎಳೆಯುವ ಸದ್ದು. ಮುನ್ನೂರು ಮಕ್ಕಳು ಬರುತ್ತಾರಂತೆ. ರಂಗದ ಮೇಲೆ ನಾಲ್ಕು ಬಾಗಿಲು ನಿಲ್ಲಿಸಿ ಬಂದೆ. ಹಿಂದಿನಿಂದ ನೋಡಿದರೆ ಬರೀ ಹಲಗೆ, ಮೊಳೆ. ಒಂದರ ಹಿಂದೆಯೂ ಮನೆ ಇಲ್ಲ. ಎಷ್ಟು ಸಲ ನೋಡಿದ್ದೇನೆ ಇದನ್ನು. ಇವತ್ತು ಒಂದೊಂದನ್ನೂ ಮೆಲ್ಲಗೆ ಮುಚ್ಚಿ ಬಂದೆ.

ಮೊದಲ ಮೇಕಪ್ ಗುಡುಗು, ನಗಾರಿ ಇಬ್ಬರದೇ, ಹನ್ನೆರಡೂವರೆಗೆ.

12.05

ಔಷಧಿ ಅಂಗಡಿಯವರು ಬಂದಿಲ್ಲ. ನರ್ಸಮ್ಮ ಫೋನು ಹಚ್ಚುತ್ತಿದ್ದಾಳೆ. ಎತ್ತುತ್ತಿಲ್ಲ. ನಗಾರಿ ಅಂಗಳದಲ್ಲಿ ನಗುತ್ತಿದ್ದಾನೆ, ಇಲ್ಲಿಗೆ ಕೇಳಿಸುತ್ತಿದೆ. ತಿಳಿದವನ ನಗು ಅಲ್ಲ ಅದು.

12.20

ಅಕ್ಕ ಕಿಟಕಿಯಿಂದ ನೋಡಿ ಬಂದಳು. "ಗೇಟಿನ ಹೊರಗೆ ನಿಂತಿದ್ದಾರೆ ಕಣೋ. ಒಳಗೂ ಬರ್ತಿಲ್ಲ, ಹೋಗ್ತಾನೂ ಇಲ್ಲ. ಕೈಯಲ್ಲಿ ಪೆನ್ನು ಹಿಡ್ಕೊಂಡು ನಿಂತಿದ್ದಾರೆ."

ಕರೆಯಲು ಅವಳನ್ನೇ ಕಳಿಸಿದೆ. ಮಂಡಿನೋವು ಮರೆತು ಓಡಿದಳು.

ಅವರ ಮಾತು ನನ್ನದಲ್ಲ. ಆದರೆ ಈ ಕಿವಿ ನನ್ನದು. ಏನೂ ಹೇಳುವುದಿಲ್ಲ. ಈ ಕನ್ನಡಿ ಮುಂದೆ ಇಬ್ಬರನ್ನೂ ಅಕ್ಕಪಕ್ಕ ಕೂರಿಸುತ್ತೇನೆ. ಹಿಂದೆ ನಾನು ನಿಲ್ಲುತ್ತೇನೆ. ಹತ್ತು ಬಲ್ಬು ಹಾಕುತ್ತೇನೆ. ಅಷ್ಟೇ ದೃಶ್ಯ. ಸಂಭಾಷಣೆ ಇಲ್ಲ. ಹುಡುಗಿ ಜಾಣೆ. ಮೊದಲು ಅವಳೇ ನೋಡುತ್ತಾಳೆ. ನಗು ಅರ್ಧಕ್ಕೆ ನಿಲ್ಲುತ್ತದೆ… ಆಮೇಲೆ ಅವನ ಕೈ ಬಿಡುತ್ತಾಳೆ.

ಆ ಕೈ ಬಿಡುವುದನ್ನು ನಾನು ನೋಡಬೇಕು. ಅದೇ ನನಗೆ ಬಂದ ಪಾರ್ಟು.

12.30

ಹೆಜ್ಜೆ. ಮೆಟ್ಟಿಲು ಎರಡೆರಡು ಹತ್ತುತ್ತಿರುವ ಹೆಜ್ಜೆ. ಎರಡು ಜೊತೆ. ಅವುಗಳ ಹಿಂದೆ ನಿಧಾನವಾಗಿ ಇನ್ನೊಂದು… ಕೆಮ್ಮು. ಎರಡು ಸಲ.

ತಟ್ಟಿದರು. ಒಂದು. ಎರಡು. ಮೂರು.

"ಮೇಷ್ಟ್ರೇ, ಬಣ್ಣ!" — ಇಬ್ಬರೂ ಒಟ್ಟಿಗೆ, ಒಂದೇ ದನಿ.

ಬಲ್ಬು ಹಾಕಿದ್ದೇನೆ. ಕಿವಿ ಬರಿದು. ಏಳುತ್ತೇನೆ.